ಕತ್ತಲೆಗೆ ಬಣ್ಣ ಹಚ್ಚಿದ ಮೇಷ್ಟ್ರು

ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ನಾನಾಗ ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೆ. ಚಿತ್ರಕಲೆಗೆಂದು ಬೇರೆ ಟೀಚರ್ ಇರಲಿಲ್ಲ. ಶನಿವಾರದ ಕೊನೆಯ ಪೀರಿಯಡ್ ಯಾರಿಗೆ ಬಿಡುವಿದೆಯೋ ಅವರ ತಲೆಗೆ ಬೀಳುತ್ತಿತ್ತು. ಆ ವರ್ಷ ಅದು ನನ್ನ ಪಾಲಿಗೆ ಬಂತು.

ನನಗೆ ಚಿತ್ರಕಲೆ ಗೊತ್ತಿಲ್ಲ. ಮದ್ರಸದಲ್ಲಿ ಓದಿದವಳು, ಬಳಿಕ ಅಂಚೆ ಶಿಕ್ಷಣದಲ್ಲಿ ಬಿ.ಎ. ಮಾಡಿದವಳು. ಬಣ್ಣದ ಡಬ್ಬಿ ನನ್ನ ಕೈಗೆ ಬಂದದ್ದೇ ಟೀಚರ್ ಆದ ಮೇಲೆ. ಜೀವಿಗಳ ಚಿತ್ರ ಬೇಡ, ಮರ, ಗಿಡ, ಬೆಟ್ಟ, ಹೊಳೆ ಬರೆಯಿರಿ ಎಂದು ನಮ್ಮ ಉಸ್ತಾದರು ಚಿಕ್ಕಂದಿನಲ್ಲಿ ಹೇಳಿದ್ದು ನೆನಪಿತ್ತು. ಅದನ್ನೇ ಮಕ್ಕಳಿಗೂ ಹೇಳಿದೆ. "ನಿಮ್ಮೂರಿನ ಒಂದು ನೋಟ ಬರೆಯಿರಿ" ಎಂದು ಹೇಳಿ ನಾನು ಕನ್ನಡದ ಕಾಪಿ ತಿದ್ದಲು ಕುಳಿತೆ.

ಎಲ್ಲರೂ ಬರೆದದ್ದು ಒಂದೇ ಬಗೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ. ಒಬ್ಬಳದು ಮಾತ್ರ ಬೇರೆ. ಏಳನೇ ತರಗತಿಯ ಆ ಹುಡುಗಿ ಪುಟದ ಮುಕ್ಕಾಲು ಭಾಗಕ್ಕೆ ಕಪ್ಪು ಕ್ರೇಯಾನ್ ಬಳಿದಿದ್ದಳು. ನಡುವೆ ಅಡ್ಡಕ್ಕೆ ಒಂದು ಬಿಳಿ ಪಟ್ಟಿ ಬಿಟ್ಟಿದ್ದಳು. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ.

"ಇದೇನು ಹೀಗೆ ಮಸಿ ಬಳಿದಿದ್ದೀ? ಕಪ್ಪು ಕ್ರೇಯಾನ್ ಪೂರ್ತಿ ಮುಗಿಸಿದೆಯಲ್ಲ! ಕತ್ತಲೆಯ ಚಿತ್ರ ಯಾರಾದರೂ ಬರೆಯುತ್ತಾರಾ?" ಎಂದೆ. ತರಗತಿ ನಕ್ಕಿತು. ಹತ್ತಕ್ಕೆ ಮೂರು ಅಂಕ ಹಾಕಿದೆ. ಕೆಂಪು ಚುಕ್ಕೆಯ ಮೇಲೆ ಕೆಂಪು ಶಾಯಿಯಲ್ಲೇ ಅಡ್ಡಗೆರೆ ಎಳೆದೆ. ಅವಳು ಏನೂ ಹೇಳಲಿಲ್ಲ. ಆ ವರ್ಷವಿಡೀ ಶನಿವಾರ ಬಂದಾಗೆಲ್ಲ "ಪುಸ್ತಕ ತಂದಿಲ್ಲ ಟೀಚರ್" ಎನ್ನುತ್ತಿದ್ದಳು. ನಾನೂ ಹೆಚ್ಚು ಕೇಳಲಿಲ್ಲ.

ಈ ವಿಷಯವನ್ನು ನಾನು ಮರೆತೇ ಬಿಟ್ಟಿದ್ದೆ. ಅದನ್ನು ನೆನಪಿಸಿದ್ದು ನೂರ ನಲವತ್ತು ವರ್ಷಗಳಿಗೂ ಹಿಂದೆ ಬೇರೊಂದು ದೇಶದಲ್ಲಿ ಬರೆದ ಒಂದು ತೈಲಚಿತ್ರ.

ಬೆಂಗಳೂರಿನಲ್ಲಿ ಕಂಡ ಬೆಟ್ಟಗಳು

ಎರಡು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ವಿಧಾನಸೌಧ, ಮ್ಯೂಸಿಯಂ ಎಲ್ಲ ಆದ ಮೇಲೆ ನಮ್ಮ ಶಾಲೆಗೆ ಹೊಸತಾಗಿ ಬಂದ ಚಿತ್ರಕಲಾ ಟೀಚರ್ ಹಠ ಹಿಡಿದು ನಮ್ಮನ್ನು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಕರೆದೊಯ್ದರು. ಅಲ್ಲಿ ರೋರಿಚ್ ಅವರ ಹೆಸರಿನ ವಿಭಾಗವಿದೆ. ತಂದೆ ನಿಕೊಲಾಯ್ ರೋರಿಚ್, ಮಗ ಸ್ವೆತೊಸ್ಲಾವ್ ರೋರಿಚ್ ಇಬ್ಬರ ಚಿತ್ರಗಳೂ ಅಲ್ಲಿವೆ. ನೀಲಿ ಬೆಟ್ಟಗಳು, ಹಿಮ, ನಿಶ್ಶಬ್ದ. ಗಲಾಟೆ ಮಾಡುತ್ತಿದ್ದ ನಮ್ಮ ಮಕ್ಕಳೂ ಅವುಗಳ ಮುಂದೆ ಸ್ವಲ್ಪ ಹೊತ್ತು ಸುಮ್ಮನಾದರು.

ಸ್ವೆತೊಸ್ಲಾವ್ ರೋರಿಚ್ ಹೆಸರು ನಮ್ಮಲ್ಲಿ ಹಲವರು ಕೇಳಿರಬಹುದು. 1945ರಲ್ಲಿ ಚಿತ್ರನಟಿ ದೇವಿಕಾರಾಣಿಯನ್ನು ಮದುವೆಯಾಗಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. 1993ರಲ್ಲಿ ತೀರಿಕೊಂಡರು. ಮರುವರ್ಷ ದೇವಿಕಾರಾಣಿಯೂ ತೀರಿಕೊಂಡರು. ತಂದೆ ನಿಕೊಲಾಯ್ ರಷ್ಯಾದಿಂದ ಬಂದು ಹಿಮಾಲಯದ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲೇ ಕೊನೆಯುಸಿರೆಳೆದವರು.

"ಇಷ್ಟು ಚೆನ್ನಾಗಿ ಬೆಟ್ಟ ಬರೆಯಲು ಇವರಿಗೆ ಕಲಿಸಿದವರು ಯಾರು?" ಎಂದು ಒಬ್ಬ ಹುಡುಗಿ ಕೇಳಿದಳು. ಮಕ್ಕಳ ಪ್ರಶ್ನೆ ನೋಡಿ, ನಮಗೆ ಅದು ಹೊಳೆಯುವುದೇ ಇಲ್ಲ. ಚಿತ್ರಕಲಾ ಟೀಚರ್, "ತಂದೆಯ ಮೇಷ್ಟ್ರು ಆರ್ಖಿಪ್ ಕುಯಿಂಜಿ" ಎನ್ನುತ್ತಾ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದರು. ಮಕ್ಕಳ ತಲೆಗಳ ನಡುವೆ ನಾನೂ ಬಗ್ಗಿ ನೋಡಿದೆ.

ಚಿತ್ರದ ಬಹುಭಾಗ ಕತ್ತಲೆ. ಮೇಲೆ ದೊಡ್ಡ ಆಕಾಶ, ಮೋಡಗಳ ನಡುವೆ ಚಂದ್ರ. ಕೆಳಗೆ ಕಪ್ಪು ನೆಲ. ಆ ನೆಲದ ನಡುವೆ ತಿರುಗಿ ಹರಿಯುವ ನದಿಯ ಮೇಲೆ ಹಸಿರು ಮಿಶ್ರಿತ ಬೆಳ್ಳಿಯ ಹೊಳಪು. ದಂಡೆಯಲ್ಲಿ ಮಸುಕಾಗಿ ಕಾಣುವ ಗುಡಿಸಲುಗಳು. ಒಂದರ ಕಿಟಕಿಯಲ್ಲಿ ಕೆಂಪಗಿನ ಚಿಕ್ಕ ಬೆಳಕು.

ನನ್ನ ಎದೆ ಧಸಕ್ಕೆಂದಿತು. ಕಪ್ಪು ಪುಟ, ಅಡ್ಡಕ್ಕೆ ಬಿಳಿ ಪಟ್ಟಿ, ಮೂಲೆಯಲ್ಲಿ ಕೆಂಪು ಚುಕ್ಕೆ. ಹತ್ತಕ್ಕೆ ಮೂರು.

ಆ ರಾತ್ರಿ ಮಂಗಳೂರಿಗೆ ಮರಳುವ ರೈಲಿನಲ್ಲಿ ಮಕ್ಕಳೆಲ್ಲ ಮಲಗಿದ್ದರು. ನನಗೆ ನಿದ್ದೆ ಬರಲಿಲ್ಲ. ಆ ಟೀಚರನ್ನು ಎಬ್ಬಿಸಿ ಕುಳ್ಳಿರಿಸಿ ಈ ಕುಯಿಂಜಿಯ ಬಗ್ಗೆ ಕೇಳತೊಡಗಿದೆ. ಊರಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ ಹಾಗೆ ಅವರ ಚಿತ್ರಕ್ಕಿಂತ ಅವರ ಮೇಷ್ಟ್ರಿಕೆ ನನ್ನನ್ನು ಹೆಚ್ಚು ಹಿಡಿಯಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಬಾತುಕೋಳಿ ಕಾಯುತ್ತಿದ್ದ ಹುಡುಗ

1842ರ ಸುಮಾರಿಗೆ ಮರಿಯುಪೋಲ್ ಎಂಬ ಊರಿನ ಅಂಚಿನಲ್ಲಿ ಈ ಹುಡುಗ ಹುಟ್ಟಿದ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಈಗಿನ ಉಕ್ರೇನ್ ದೇಶದ ಸಮುದ್ರ ತೀರದ ಊರು. ತಂದೆ ಚಪ್ಪಲಿ ಹೊಲಿಯುವ ಬಡವ. ಗ್ರೀಕ್ ವಂಶದವರು. ಆದರೆ ಅವರ ಹಿರಿಯರು ಕ್ರಿಮಿಯಾದಲ್ಲಿ ಟಾಟರ್ ಮುಸ್ಲಿಮರ ಜೊತೆ ತಲೆಮಾರುಗಳ ಕಾಲ ಬಾಳಿ ಬಂದವರಾದ್ದರಿಂದ ಅವರ ಮಾತಿನಲ್ಲಿ ತುರ್ಕಿ ಬಳಗದ ನುಡಿ ಸೇರಿಕೊಂಡಿತ್ತು. ಕುಯಿಂಜಿ ಎಂಬ ಹೆಸರಿಗೂ ಆ ನುಡಿಯಲ್ಲಿ ಅಕ್ಕಸಾಲಿಗ ಎಂದೇ ಅರ್ಥ. ಅಜ್ಜ ಅಕ್ಕಸಾಲಿಗರಾಗಿದ್ದರು. ಮನೆಯೊಳಗೆ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಕರಾವಳಿಯವರಿಗೆ ಇದೇನೂ ವಿಚಿತ್ರವಲ್ಲ.

ತೀರ ಎಳೆಯ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಯತೀಮ ಹುಡುಗ ಬಂಧುಗಳ ಮನೆಯಲ್ಲಿ ಬೆಳೆದ. ಬಾತುಕೋಳಿಗಳನ್ನು ಕಾಯುತ್ತಿದ್ದ. ಕಟ್ಟಡದ ಕೆಲಸ ನಡೆಯುವಲ್ಲಿ ಇಟ್ಟಿಗೆಯ ಲೆಕ್ಕ ಬರೆಯುತ್ತಿದ್ದ. ಬಳಿಕ ಧಾನ್ಯ ವ್ಯಾಪಾರಿಯೊಬ್ಬನ ಮನೆಯಲ್ಲಿ ಕೆಲಸಕ್ಕೆ ನಿಂತ. ಸಿಕ್ಕಿದ ಕಾಗದ, ಸಿಕ್ಕಿದ ಗೋಡೆ ಎಲ್ಲದರ ಮೇಲೂ ಚಿತ್ರ. ಅದನ್ನು ಕಂಡು, ಕ್ರಿಮಿಯಾದ ಫಿಯೊದೋಸಿಯಾದಲ್ಲಿರುವ ಐವಜೋವ್ಸ್ಕಿ ಎಂಬ ದೊಡ್ಡ ಕಲಾವಿದನ ಬಳಿಗೆ ಹೋಗು ಎಂದು ಸಲಹೆ ಕೊಟ್ಟರು.

ಐವಜೋವ್ಸ್ಕಿ ಎಂದರೆ ಆ ಕಾಲದಲ್ಲಿ ಸಮುದ್ರದ ಚಿತ್ರಗಳಿಗೆ ಹೆಸರಾದವರು. ಹದಿಮೂರರ ಈ ಹುಡುಗ 1855ರಲ್ಲಿ ನಡೆದುಕೊಂಡೇ ಅವರ ಊರಿಗೆ ಹೋದ. ಅಲ್ಲಿ ಅವನಿಗೆ ಸಿಕ್ಕಿದ ಪಾಠವೇನು? ಬಣ್ಣ ಅರೆಯುವ ಕೆಲಸ, ಬೇಲಿಗೆ ಬಣ್ಣ ಹಚ್ಚುವ ಕೆಲಸ. ದೊಡ್ಡ ಕಲಾವಿದರು ಅವನ ಕೈಗೆ ಕುಂಚ ಕೊಟ್ಟು ಕಲಿಸಲಿಲ್ಲ. ಅವರ ಶಿಷ್ಯರೊಬ್ಬರು ಸ್ವಲ್ಪ ಹೇಳಿಕೊಟ್ಟರು ಅಷ್ಟೆ. ಕೆಲವು ತಿಂಗಳ ಬಳಿಕ ಹುಡುಗ ಮರಳಿದ.

ಇಲ್ಲಿ ನಾನು ಐವಜೋವ್ಸ್ಕಿಯನ್ನು ದೂರಲು ಹೋಗುವುದಿಲ್ಲ. ಬಾಗಿಲಿಗೆ ಬಂದ ಹರಕು ಬಟ್ಟೆಯ ಹುಡುಗನಲ್ಲಿ ಏನಿದೆ ಎಂದು ಅವರಿಗೆ ಕಾಣಲಿಲ್ಲ. ನನ್ನ ಮೇಜಿಗೆ ಬಂದ ಕಪ್ಪು ಪುಟದಲ್ಲಿ ಏನಿದೆ ಎಂದು ನನಗೂ ಕಾಣಲಿಲ್ಲ.

ಮುಂದೆ ಹಲವು ವರ್ಷ ಆ ಹುಡುಗ ಫೋಟೋ ಸ್ಟುಡಿಯೋಗಳಲ್ಲಿ ಫೋಟೋ ತಿದ್ದುವ ಕೆಲಸ ಮಾಡಿ ಹೊಟ್ಟೆ ಹೊರೆದ. ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ಕಲಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆದ. ಫೇಲಾದ. ಮತ್ತೆ ಬರೆದ, ಮತ್ತೆ ಫೇಲು. ಆದರೂ ಬಿಡದೆ ಮನೆಯಲ್ಲೇ ಬರೆದ ಚಿತ್ರವೊಂದನ್ನು 1868ರಲ್ಲಿ ಅಕಾಡೆಮಿಯ ಪ್ರದರ್ಶನಕ್ಕಿಟ್ಟ. ಅದು ಕ್ರಿಮಿಯಾದ ಟಾಟರರ ಮನೆಯೊಂದರ ಬೆಳದಿಂಗಳ ಚಿತ್ರ. ಅದು ಮೆಚ್ಚುಗೆ ಪಡೆದು, ಕೊನೆಗೂ ಅವನಿಗೆ ಅಕಾಡೆಮಿಯ ತರಗತಿಯಲ್ಲಿ ಹೊರಗಿನ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ದಾರಿಯಾಯಿತು. ಅಂಚೆ ಶಿಕ್ಷಣದಲ್ಲಿ ಓದಿದ ನನಗೆ ಈ "ಹೊರಗಿನ ವಿದ್ಯಾರ್ಥಿ" ಎಂಬ ಮಾತು ಬಹಳ ಹತ್ತಿರದ್ದೆನಿಸಿತು.

ಒಂದೇ ಚಿತ್ರದ ಪ್ರದರ್ಶನ

ಇನ್ನು ಆ ಚಿತ್ರದ ಕತೆ. ಹೆಸರು "ದ್ನೀಪರ್ ನದಿಯ ಮೇಲೆ ಬೆಳದಿಂಗಳ ರಾತ್ರಿ". ಬರೆದದ್ದು 1880ರಲ್ಲಿ. ಸುಮಾರು ಮೂರೂವರೆ ಅಡಿ ಎತ್ತರ, ನಾಲ್ಕೂಮುಕ್ಕಾಲು ಅಡಿ ಅಗಲ. ದ್ನೀಪರ್ ಉಕ್ರೇನ್‌ನ ಮಹಾನದಿ.

ತೈಲಚಿತ್ರ ಎಂದರೆ ಬಣ್ಣದ ಪುಡಿಯನ್ನು ಅಗಸೆ ಬೀಜದ ಎಣ್ಣೆಯಂಥ ಎಣ್ಣೆಯಲ್ಲಿ ಅರೆದು ಬಟ್ಟೆಯ ಮೇಲೆ ಹಚ್ಚುವುದು. ನೀರಿನ ಬಣ್ಣ ಕೂಡಲೇ ಆರುತ್ತದೆ. ಎಣ್ಣೆಯ ಬಣ್ಣ ಹಾಗಲ್ಲ. ಗಾಳಿಯೊಂದಿಗೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆದ್ದರಿಂದ ತಿದ್ದಬಹುದು, ಪದರದ ಮೇಲೆ ಪದರ ಹಚ್ಚಬಹುದು. ಮಕ್ಕಳನ್ನು ಬೆಳೆಸಿದ ಹಾಗೆ, ಅವಸರ ಮಾಡಿದರೆ ಕೆಟ್ಟಿತು.

ಆ ವರ್ಷ ಕುಯಿಂಜಿ ಈ ಒಂದೇ ಒಂದು ಚಿತ್ರವನ್ನಿಟ್ಟು ಪ್ರದರ್ಶನ ಮಾಡಿದರು. ಕೋಣೆಯ ಕಿಟಕಿಗಳಿಗೆ ದಪ್ಪ ಪರದೆ ಕಟ್ಟಿ, ಚಿತ್ರದ ಮೇಲೆ ಮಾತ್ರ ಒಂದು ವಿದ್ಯುತ್ ದೀಪದ ಬೆಳಕು ಬೀಳುವಂತೆ ಮಾಡಿದರು. ವಿದ್ಯುತ್ ದೀಪವೇ ಜನರಿಗೆ ಹೊಸತಾಗಿದ್ದ ಕಾಲ ಅದು. ಬೀದಿಯಲ್ಲಿ ಗಾಡಿಗಳ ಸಾಲು, ಬಾಗಿಲಲ್ಲಿ ಗಂಟೆಗಟ್ಟಲೆ ಕಾಯುವ ಜನ. ಒಳಗೆ ಬಂದವರು ಚಿತ್ರದ ಹಿಂದೆ ದೀಪ ಅಡಗಿಸಿದ್ದಾರೋ ಎಂದು ಇಣುಕಿ ನೋಡುತ್ತಿದ್ದರಂತೆ!

ದೀಪ ಇರಲಿಲ್ಲ. ಇದ್ದದ್ದು ಕತ್ತಲೆ. ಸುತ್ತಲಿನ ಕಪ್ಪು ಎಷ್ಟು ಗಾಢವಾದರೆ ನಡುವಿನ ಬೆಳಕು ಅಷ್ಟು ಹೊಳೆಯುತ್ತದೆ. ತಣ್ಣನೆಯ ಹಸಿರು ಬೆಳ್ಳಿಯ ಪಕ್ಕದಲ್ಲಿ ಬೆಚ್ಚನೆಯ ಕಂದು, ಕೆಂಪು ಇಟ್ಟರೆ ಎರಡೂ ಎದ್ದು ಕಾಣುತ್ತವೆ. ರಮಝಾನ್ ಚಂದ್ರ ನೋಡಲು ಕಡಲ ತೀರಕ್ಕೆ ಹೋದವರಿಗೆ ಇದು ಗೊತ್ತು. ಸೂರ್ಯ ಮುಳುಗಿದ ಕೂಡಲೇ ಎಷ್ಟು ಕಣ್ಣರಳಿಸಿದರೂ ಕಾಣದ ಎಳೆ, ಆಕಾಶ ಸ್ವಲ್ಪ ಕಪ್ಪಾದ ಮೇಲೆ "ಅಗೋ!" ಎಂದು ಮಕ್ಕಳೇ ತೋರಿಸುವಂತೆ ಕಾಣುತ್ತದೆ. ಚಂದ್ರ ಬದಲಾದದ್ದಲ್ಲ, ಹಿಂದಿನ ಆಕಾಶ ಬದಲಾದದ್ದು. ಇದಕ್ಕಾಗಿ ಕುಯಿಂಜಿ ಬೆಳಕು ಮತ್ತು ಬಣ್ಣದ ವಿಜ್ಞಾನವನ್ನು ಬಲ್ಲವರ ಒಡನಾಟ ಮಾಡಿದರು. ರಸಾಯನ ಶಾಸ್ತ್ರದ ಪುಸ್ತಕದಲ್ಲಿ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಮೂಲಧಾತುಗಳ ಪಟ್ಟಿಯ ಮೆಂಡಲೀವ್ ಅವರ ಗೆಳೆಯರಾಗಿದ್ದರು.

ಚಿತ್ರವನ್ನು ರಾಜ ಮನೆತನದ ಕಾನ್‌ಸ್ಟಾಂಟಿನ್ ಎಂಬ ಯುವಕ 5000 ರೂಬಲ್ ಕೊಟ್ಟು ಕೊಂಡ. ಅವನಿಗೆ ಅದರ ಮೇಲೆ ಎಷ್ಟು ಮೋಹವೆಂದರೆ, ನೌಕಾಪಡೆಯ ಅಧಿಕಾರಿಯಾಗಿ ಸಮುದ್ರಯಾನಕ್ಕೆ ಹೊರಟಾಗ ಅದನ್ನು ಹಡಗಿನಲ್ಲೇ ಕೊಂಡೊಯ್ದ. ಚಿತ್ರ ಹಾಳಾಗುತ್ತದೆ, ಪ್ಯಾರಿಸ್ಸಿನಲ್ಲೇ ಬಿಟ್ಟುಹೋಗು ಎಂದು ಸಾಹಿತಿ ತುರ್ಗೇನೆವ್ ಬೇಡಿಕೊಂಡರು. ಪ್ಯಾರಿಸ್ಸಿನಲ್ಲಿ ಕೆಲವು ದಿನ ಪ್ರದರ್ಶನವಾಯಿತು. ಆಮೇಲೆ ಮತ್ತೆ ಹಡಗು. ಕಡಲಿನ ಉಪ್ಪು ಗಾಳಿ ಚಿತ್ರಕ್ಕೆ ಒಗ್ಗಲಿಲ್ಲ. ಅದಲ್ಲದೆ ಕುಯಿಂಜಿ ಡಾಂಬರಿನ ಜಾತಿಯ ಕಂದು ಬಣ್ಣ ಬಳಸಿದ್ದರು. ಹಚ್ಚಿದಾಗ ಅದರಷ್ಟು ಚೆಂದದ್ದು ಬೇರಿಲ್ಲ. ಆದರೆ ಅದು ಪೂರ್ತಿಯಾಗಿ ಗಟ್ಟಿಯಾಗುವುದಿಲ್ಲ, ವರ್ಷ ಕಳೆದಂತೆ ಕಪ್ಪಾಗುತ್ತದೆ. ಈ ಹೊಳಪು ಬಾಳುತ್ತದೆಯೇ ಎಂದು ಕ್ರಾಮ್‌ಸ್ಕೊಯ್ ಎಂಬ ಗೆಳೆಯ ಕಲಾವಿದರು ಆಗಲೇ ಚಿಂತೆ ಪಟ್ಟಿದ್ದರು. ಅವರ ಚಿಂತೆ ನಿಜವಾಯಿತು. ಆ ಚಿತ್ರ ಇಂದೂ ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಮ್ಮಿನಲ್ಲಿದೆ. ಆದರೆ 1880ರ ಜನ ಕಂಡ ಬೆಳದಿಂಗಳನ್ನು ನಾವು ಪೂರ್ತಿಯಾಗಿ ಕಾಣಲಾರೆವು.

ಅಷ್ಟು ಹೆಸರು ತಂದ ಚಿತ್ರವೇ ಕಪ್ಪಾಗುತ್ತಾ ಹೋಯಿತು. ಹಾಗಾದರೆ ಆ ಮನುಷ್ಯನಿಂದ ಉಳಿದದ್ದೇನು?

ತರಗತಿಯಲ್ಲಿ ಕುಯಿಂಜಿ

1882ರಲ್ಲಿ ಇನ್ನೊಂದು ಪ್ರದರ್ಶನ ಮಾಡಿದ ಮೇಲೆ ಕುಯಿಂಜಿ ಇದ್ದಕ್ಕಿದ್ದಂತೆ ಮೌನಿಯಾದರು. ಹೆಸರು, ಹಣ, ಬೇಡಿಕೆ ಎಲ್ಲ ಇದ್ದಾಗಲೇ ಪ್ರದರ್ಶನ ನಿಲ್ಲಿಸಿದರು. ಸುಮಾರು ಇಪ್ಪತ್ತು ವರ್ಷ ಹೊಸ ಚಿತ್ರವನ್ನು ಹೊರಗೆ ತೋರಿಸಲಿಲ್ಲ. ಬರೆಯುವುದನ್ನು ಬಿಡಲಿಲ್ಲ, ಮನೆಯೊಳಗೇ ಬರೆದರು. ಮನೆ, ಕಟ್ಟಡ ಕೊಂಡು ಮಾರಿ ಶ್ರೀಮಂತರಾದರು. ಆದರೆ ಹೆಂಡತಿಯೊಂದಿಗೆ ಬಾಳಿದ ರೀತಿ ಮಾತ್ರ ಬಡವರದ್ದು. ಖರ್ಚು ಮಾಡಿದ್ದು ಹಕ್ಕಿಗಳಿಗೆ. ಮನೆಯ ಮಾಡಿನ ಮೇಲೆ ತೋಟ ಮಾಡಿ, ಚಳಿಯಲ್ಲಿ ಹಸಿದು ಬರುವ ಹಕ್ಕಿಗಳಿಗೆ ದಿನವೂ ಕಾಳು ಹಾಕುತ್ತಿದ್ದರು. ಗಾಯವಾದ ಹಕ್ಕಿಯನ್ನು ಒಳಗೆ ತಂದು ಆರೈಕೆ ಮಾಡುತ್ತಿದ್ದರು. ಜನ ನಗುತ್ತಿದ್ದರು.

1894ರಲ್ಲಿ, ಎರಡು ಸಲ ಅವರನ್ನು ಫೇಲು ಮಾಡಿದ ಅದೇ ಅಕಾಡೆಮಿ ಅವರನ್ನು ನಿಸರ್ಗ ಚಿತ್ರ ವಿಭಾಗದ ಪ್ರೊಫೆಸರ್ ಆಗಿ ನೇಮಿಸಿತು. ಮನಸ್ಸು ಮಾಡಿದ್ದರೆ ಹಳೆಯ ಸೇಡು ತೀರಿಸಿಕೊಳ್ಳಬಹುದಿತ್ತು. "ನಾನು ಬಣ್ಣ ಅರೆದಿಲ್ಲವೇ? ನೀವೂ ಅರೆಯಿರಿ" ಎನ್ನಬಹುದಿತ್ತು. ನಮ್ಮಲ್ಲಿ ಎಷ್ಟೋ ಅತ್ತೆಯರು ಸೊಸೆಯರಿಗೆ ಹೀಗೆ ಹೇಳುವುದುಂಟು. ಎಷ್ಟೋ ಟೀಚರುಗಳೂ ಹೇಳುವುದುಂಟು. ಕುಯಿಂಜಿ ಹೇಳಲಿಲ್ಲ. ತನಗೆ ಸಿಗದ ಮೇಷ್ಟ್ರಾಗಿ ತಾನೇ ನಿಂತರು. ಬೇಸಿಗೆಯಲ್ಲಿ ಕ್ರಿಮಿಯಾದ ತಮ್ಮ ಜಮೀನಿಗೆ ಶಿಷ್ಯರನ್ನು ಕರೆದೊಯ್ದು ಬಯಲಲ್ಲಿ ಚಿತ್ರ ಬರೆಸಿದರು. ಕೈ ಖಾಲಿಯಾದ ಹುಡುಗರಿಗೆ ಜೇಬಿನಿಂದ ಹಣ ಕೊಟ್ಟರು.

ನನ್ನನ್ನು ಹೆಚ್ಚು ಹಿಡಿದದ್ದು ಇದು: ಅವರ ಶಿಷ್ಯರು ಯಾರೂ ಅವರಂತೆ ಬರೆಯಲಿಲ್ಲ. ಬೆಳದಿಂಗಳಿಗೆ ಹೆಸರಾದ ಮೇಷ್ಟ್ರಿನ ಕೈಯಲ್ಲಿ ಬೆಳದಿಂಗಳ ನಕಲುಗಾರರು ತಯಾರಾಗಬೇಕಿತ್ತು. ಹಾಗಾಗಲಿಲ್ಲ. ಬೊರಿಸೋವ್ ಉತ್ತರ ಧ್ರುವದ ಹಿಮವನ್ನು ಬರೆದರು. ಬೊಗಾಯೆವ್ಸ್ಕಿ ಕ್ರಿಮಿಯಾದ ಹಳೆಯ ನೆಲವನ್ನು ಬರೆದರು. ರಿಲೋವ್ ನೀಲಿ ಆಕಾಶದಲ್ಲಿ ಹಾರುವ ಬಿಳಿ ಹಕ್ಕಿಗಳನ್ನು ಬರೆದರು. ಪುರ್ವೀತಿಸ್ ತನ್ನ ಲಾಟ್ವಿಯಾ ನಾಡಿನ ಕರಗುವ ಹಿಮವನ್ನು ಬರೆದು, 1919ರಲ್ಲಿ ಅಲ್ಲಿನ ಕಲಾ ಅಕಾಡೆಮಿಯ ಮೊದಲ ಮುಖ್ಯಸ್ಥರಾದರು. ರುಶ್ಚಿತ್ಸ್ ಪೋಲಿಷ್ ಜನರ ದೊಡ್ಡ ಕಲಾವಿದರಾದರು, ಅವರೂ ಮೇಷ್ಟ್ರಾದರು. ರೋರಿಚ್ ಹಿಮಾಲಯಕ್ಕೆ ಬಂದರು. ಕುಯಿಂಜಿ ತಮ್ಮ ಕಣ್ಣನ್ನು ಅವರಿಗೆ ಅಂಟಿಸಲಿಲ್ಲ, ಅವರವರ ಕಣ್ಣನ್ನು ತೆರೆಸಿದರು. ಈ ವ್ಯತ್ಯಾಸ ತಿಳಿಯಲು ನನಗೆ ಇಪ್ಪತ್ತು ವರ್ಷ ಪಾಠ ಮಾಡಬೇಕಾಯಿತು.

1897ರಲ್ಲಿ ಅಕಾಡೆಮಿಯ ಮೇಲಧಿಕಾರಿಯ ವಿರುದ್ಧ ವಿದ್ಯಾರ್ಥಿಗಳು ಸಿಡಿದೆದ್ದಾಗ ಕುಯಿಂಜಿ ಅವರ ಪರ ನಿಂತರು. ಪರಿಣಾಮವಾಗಿ ಎರಡು ದಿನ ಗೃಹಬಂಧನ, ಪ್ರೊಫೆಸರ್ ಕೆಲಸದಿಂದ ವಜಾ. ಬರೀ ಮೂರು ವರ್ಷದ ಮೇಷ್ಟ್ರಿಕೆ! ರೋರಿಚ್ ಮುಂತಾದ ಶಿಷ್ಯರು, ನಮ್ಮ ಗುರು ಇಲ್ಲದ ಮೇಲೆ ನಮಗೂ ಅಕಾಡೆಮಿ ಬೇಡ ಎಂದು ಹೊರಬಂದರು. ಮರುವರ್ಷ ಕುಯಿಂಜಿ ಹತ್ತಕ್ಕೂ ಹೆಚ್ಚು ಶಿಷ್ಯರನ್ನು ತಮ್ಮದೇ ಖರ್ಚಿನಲ್ಲಿ ಬರ್ಲಿನ್, ಪ್ಯಾರಿಸ್, ಮ್ಯೂನಿಕ್, ವಿಯೆನ್ನಾ ಮೊದಲಾದ ಊರುಗಳಿಗೆ ಕರೆದೊಯ್ದು ದೊಡ್ಡ ದೊಡ್ಡ ಚಿತ್ರಗಳನ್ನು ತೋರಿಸಿದರು. ನಮ್ಮ ಶಾಲಾ ಪ್ರವಾಸಕ್ಕೆ ತಲಾ ಎಷ್ಟು ಎಂದು ಲೆಕ್ಕ ಹಾಕಿ ತಲೆನೋವು ಮಾಡಿಕೊಂಡ ನನಗೆ ಇದನ್ನು ಓದಿ ನಗುವೂ ಬಂತು, ಕಣ್ಣೂ ತುಂಬಿತು.

1904ರಲ್ಲಿ ಕುಯಿಂಜಿ, ತಮ್ಮನ್ನು ಹೊರಹಾಕಿದ ಅದೇ ಅಕಾಡೆಮಿಗೆ 1,00,000 ರೂಬಲ್ ಕೊಟ್ಟರು. ಅದರ ಆದಾಯದಿಂದ ಪ್ರತಿ ವರ್ಷ ಎಳೆಯ ಕಲಾವಿದರಿಗೆ 24 ಬಹುಮಾನ ಕೊಡಬೇಕೆಂಬುದು ಷರತ್ತು. ಬಡ ಕಲಾವಿದರ ನೆರವಿಗಾಗಿ 1909ರಲ್ಲಿ ಅವರ ಹೆಸರಿನ ಸಂಘ ಹುಟ್ಟಿದಾಗ ಇನ್ನೂ 1,50,000 ರೂಬಲ್ ಮತ್ತು ಕ್ರಿಮಿಯಾದ ಜಮೀನನ್ನು ಅದಕ್ಕೆ ಕೊಟ್ಟರು. 1910ರಲ್ಲಿ ತೀರಿಕೊಂಡಾಗ, ಹೆಂಡತಿಗೆ ವರ್ಷಕ್ಕೆ 2500 ರೂಬಲ್ ಬಿಟ್ಟು ಉಳಿದ ಆಸ್ತಿಯೆಲ್ಲ ಆ ಸಂಘಕ್ಕೇ ಸೇರುವಂತೆ ಬರೆದಿಟ್ಟಿದ್ದರು. ಒಮ್ಮೆ ಚಿತ್ರದ ಕಾಗದಕ್ಕೂ ಗತಿಯಿಲ್ಲದಿದ್ದ ಯತೀಮ ಹುಡುಗನ ಲೆಕ್ಕ ಹೀಗೆ ಚುಕ್ತಾ ಆಯಿತು.

ಅವರ ಹುಟ್ಟೂರಾದ ಮರಿಯುಪೋಲ್‌ನಲ್ಲಿ ಅವರ ಹೆಸರಿನದೊಂದು ಮ್ಯೂಸಿಯಂ ಇತ್ತು. 2022ರ ಮಾರ್ಚ್‌ನಲ್ಲಿ ಯುದ್ಧದ ಬಾಂಬ್ ದಾಳಿಗೆ ಆ ಕಟ್ಟಡ ಜರ್ಜರಿತವಾಯಿತು. ಊರಿಗೆ ಊರೇ ಹಾಳಾದಾಗ ಮ್ಯೂಸಿಯಮ್ಮಿನ ಮಾತೇನು? ಚಿತ್ರ ಕಪ್ಪಾಯಿತು, ಕಟ್ಟಡ ಮುರಿಯಿತು. ಮೂರು ವರ್ಷದ ಪಾಠ ಮಾತ್ರ ಒಬ್ಬ ಶಿಷ್ಯನ ಕೈಯಲ್ಲಿ ಹಿಮಾಲಯಕ್ಕೆ ಬಂದು, ಅವನ ಮಗನ ಕೈಯಲ್ಲಿ ಬೆಂಗಳೂರಿಗೆ ಬಂದು, ನಮ್ಮ ಮಕ್ಕಳನ್ನು ಒಂದು ಮಧ್ಯಾಹ್ನ ಸುಮ್ಮನಾಗಿಸಿತು.

ಕೆಂಪು ಚುಕ್ಕೆಯ ಅರ್ಥ

ಇದನ್ನೆಲ್ಲ ಓದುವಾಗ ನನಗೆ ನನ್ನ ಉಸ್ತಾದರ ನೆನಪಾಯಿತು. ನನ್ನ ಬಿ.ಎ. ಕೊನೆಯ ವರ್ಷದ ಪರೀಕ್ಷಾ ಶುಲ್ಕ ಕಟ್ಟಲು ಉಪ್ಪನ ಬಳಿ ಹಣವಿರಲಿಲ್ಲ. ಇನ್ನು ಸಾಕು ಎಂದು ಉಮ್ಮ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಶುಲ್ಕ ಯಾರೋ ಕಟ್ಟಿದ್ದಾರೆ ಎಂದು ತಿಳಿಯಿತು. ಯಾರೆಂದು ಗೊತ್ತಾದದ್ದು ಉಸ್ತಾದರು ತೀರಿಕೊಂಡ ಮೇಲೆ, ಅವರ ಹೆಂಡತಿಯ ಬಾಯಿಂದ. ಮದ್ರಸದ ಸಣ್ಣ ಸಂಬಳದಲ್ಲಿ ಅವರು ಅದನ್ನು ಹೇಗೆ ಹೊಂದಿಸಿದರೋ! ಹಾಗೆ ಪಡೆದವಳು ನಾನು. ಪಡೆದವಳೇ ಕೊಡುವ ಹೊತ್ತು ಬಂದಾಗ ಹತ್ತಕ್ಕೆ ಮೂರು ಕೊಟ್ಟೆ.

ಆ ಹುಡುಗಿ ಈಗ ತಾಯಿ. ಅವಳ ಮಗಳು ನಮ್ಮ ಶಾಲೆಯಲ್ಲೇ ಎರಡನೇ ತರಗತಿಯಲ್ಲಿದ್ದಾಳೆ. ಪ್ರವಾಸದಿಂದ ಬಂದ ಕೆಲವು ವಾರಗಳ ಬಳಿಕ ಪೋಷಕರ ಸಭೆಗೆ ಬಂದವಳನ್ನು ಸ್ಟಾಫ್ ರೂಮಿಗೆ ಕರೆದೆ. ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಕುಯಿಂಜಿಯ ಚಿತ್ರ ತೋರಿಸಿದೆ. "ನಿನಗೆ ನೆನಪಿದೆಯಾ?" ಎಂದೆ.

ಅವಳು ಸ್ವಲ್ಪ ಹೊತ್ತು ನೋಡಿದಳು. "ಅದು ನಮ್ಮ ಮನೆ ಹಿಂದಿನ ಹೊಳೆ ಟೀಚರ್" ಎಂದಳು. ಅವಳು ಹೇಳಿದ್ದು ಮೊಬೈಲಿನ ಚಿತ್ರದ ಬಗ್ಗೆಯಲ್ಲ, ತನ್ನ ಚಿತ್ರದ ಬಗ್ಗೆ.

"ಆಗ ನಮ್ಮ ಮನೆಗೆ ಕರೆಂಟ್ ಬಂದಿರಲಿಲ್ಲ. ಉಪ್ಪ ದೋಣಿಯಲ್ಲಿ ಕೆಲಸಕ್ಕೆ ಹೋದರೆ ಬರುವಾಗ ರಾತ್ರಿಯಾಗುತ್ತಿತ್ತು. ನಾನು, ಉಮ್ಮ ಹೊಳೆ ಬದಿಯಲ್ಲಿ ಕಾಯುತ್ತಿದ್ದೆವು. ದೂರದಲ್ಲಿ ಉಪ್ಪನ ಲಾಟೀನು ಕಂಡರೆ ಸಮಾಧಾನ."

ಮೂಲೆಯ ಕೆಂಪು ಚುಕ್ಕೆ ಅದಾಗಿತ್ತು. ಅದರ ಮೇಲೆ ನಾನು ಅಡ್ಡಗೆರೆ ಎಳೆದಿದ್ದೆ.

ಟೀಚರಾದವಳಿಗೆ ಶಿಷ್ಯೆಯ ಮುಂದೆ "ನನ್ನದು ತಪ್ಪಾಯಿತು" ಎನ್ನುವುದು ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು. ಹೇಗೋ ಹೇಳಿದೆ. ಅವಳು ನಕ್ಕು, "ಬಿಡಿ ಟೀಚರ್, ಅದು ಯಾವ ಕಾಲದ್ದು" ಎಂದಳು. ಆದರೆ ಕೂಡಲೇ ಎದ್ದು ಹೋಗಲಿಲ್ಲ. "ಪುಸ್ತಕ ತಂದಿಲ್ಲ ಅಂತ ಸುಳ್ಳು ಹೇಳುತ್ತಿದ್ದೆ. ಬ್ಯಾಗಿನಲ್ಲೇ ಇರುತ್ತಿತ್ತು" ಎಂದಳು. ಆಮೇಲೆ, ತಾನೀಗ ಮದುವೆ ಮನೆಗಳಲ್ಲಿ ಮೆಹಂದಿ ಹಾಕುತ್ತೇನೆಂದೂ ಅದರಿಂದ ನಾಲ್ಕು ಕಾಸು ಸಂಪಾದನೆಯಾಗುತ್ತದೆಂದೂ ಹೇಳಿದಳು. ಕೈಯ ಗೆರೆಗೆ ದಾರಿ ಸಿಕ್ಕಿದೆ ಎಂದು ನನಗೆ ಸಮಾಧಾನವಾಯಿತು. ಆದರೂ ಬರೆಯದೆ ಉಳಿದ ಹೊಳೆಗಳ ಲೆಕ್ಕ ಯಾರು ಕೊಡುತ್ತಾರೆ? ಅದನ್ನು ನಾನೇ ಕೊಡಬೇಕು.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಆ ಚಿತ್ರ ನನ್ನ ಮೊಬೈಲಿಗೂ ಕಳಿಸಿ ಟೀಚರ್" ಎಂದಳು. ಕಳುಹಿಸಿದೆ.

ಸಹೋದರಿಯರೇ, ನಾವೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಮೇಷ್ಟ್ರುಗಳೇ. ಮಗು ತಂದು ತೋರಿಸುವ ಹಾಳೆ ಅಡುಗೆ ಮನೆಯ ಹೊಗೆಯ ನಡುವೆ, ಬಟ್ಟೆ ಒಗೆಯುವ ಅವಸರದ ನಡುವೆ ನಮ್ಮ ಮುಂದೆ ಬರುತ್ತದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಒಮ್ಮೆ ಅದನ್ನು ಕೈಗೆ ತೆಗೆದುಕೊಳ್ಳಿ. "ಇದೇನು ಹೀಗೆ?" ಎನ್ನುವ ಬದಲು "ಇದು ಏನು, ಹೇಳು" ಎಂದು ಕೇಳಿ. ಎರಡೂ ಪ್ರಶ್ನೆಗೆ ಹಿಡಿಯುವ ಹೊತ್ತು ಒಂದೇ. ಫಲ ಬೇರೆ.

ಈಗಲೂ ನಮ್ಮ ಚಿತ್ರಕಲಾ ಟೀಚರ್ ರಜೆ ಹಾಕಿದರೆ ಶನಿವಾರದ ಕೊನೆಯ ಪೀರಿಯಡ್ ನನಗೇ ಬರುತ್ತದೆ. ನಾನು ಕನ್ನಡದ ಕಾಪಿಯನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಹೋಗುತ್ತೇನೆ. ಹೋಗುವಾಗ ಅಂಗಡಿಯಿಂದ ಬಿಡಿಯಾಗಿ ತಂದಿಟ್ಟ ಕಪ್ಪು ಕ್ರೇಯಾನ್‌ಗಳನ್ನು ಒಯ್ಯುತ್ತೇನೆ. ಪ್ರತಿ ಡಬ್ಬಿಯಲ್ಲಿ ಇರುವುದು ಒಂದೇ ಕಪ್ಪು. ಯಾವ ಮಗುವಿಗೆ ಎಷ್ಟು ಕತ್ತಲೆ ಬೇಕಾಗುತ್ತದೆಂದು ನಮಗೇನು ಗೊತ್ತು?